ಕ್ರಿಸ್‌ಮಸ್ ಉಡುಗೊರೆಯಾಗಿ ಒಂದು ಮೇಕೆ: ಹೈಫರ್ ಇಂಟರ್‌ನ್ಯಾಷನಲ್ ಕ್ಯಾಟಲಾಗ್‌ನ ವಿಮರ್ಶೆ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಲ್ಲಿ ಅಮೆರಿಕದ ಮನೆಗಳಿಗೆ ಕ್ರಿಸ್‌ಮಸ್ ಮಾರಾಟದ ಪುಸ್ತಿಕೆಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಅಂಗಡಿಗಳಿಗೆ ಅದು ವರ್ಷದ ದೊಡ್ಡ ವ್ಯಾಪಾರದ ಕಾಲ. ಚರ್ಚುಗಳಿಗೆ ಅದು ಆಗಮನ ಕಾಲ, ಅಂದರೆ ಕ್ರಿಸ್ತಜಯಂತಿಗೆ ಮೊದಲಿನ ನಾಲ್ಕು ಭಾನುವಾರಗಳಲ್ಲಿ ಪ್ರಾರ್ಥನೆ, ಪಶ್ಚಾತ್ತಾಪ ಮತ್ತು ದಾನಗಳಿಂದ ಮನಸ್ಸನ್ನು ಅಣಿಗೊಳಿಸಿಕೊಳ್ಳಬೇಕಾದ ಕಾಲ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಬೇಕೆಂದು ಸ್ನಾನಿಕ ಯೊವಾನ್ನನು ಜನರಿಗೆ ಹೇಳುವ ಸಂತ ಲೂಕನ ಶುಭಸಂದೇಶದ ಭಾಗವನ್ನು ಮೂರು ವರ್ಷಗಳಿಗೊಮ್ಮೆ ಆಗಮನ ಕಾಲದ ಮೂರನೆಯ ಭಾನುವಾರ ಓದಲಾಗುತ್ತದೆ. ಆ ಪುಸ್ತಿಕೆಗಳ ರಾಶಿಯಲ್ಲಿ ಈ ಮಾತನ್ನು ನೆನಪಿಗೆ ತರುವಂಥದ್ದು ಒಂದಿದೆ. ಹೈಫರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯ ಉಡುಗೊರೆ ಕ್ಯಾಟಲಾಗ್‌ನಲ್ಲಿ ಸ್ವೆಟರ್, ಆಟಿಕೆಗಳ ಬದಲು ಬಡಕುಟುಂಬಗಳಿಗೆ ಕೊಡಲೆಂದು ಮೇಕೆ, ಹಸು, ಕೋಳಿಮರಿ ಮತ್ತು ಜೇನುಗೂಡುಗಳಿವೆ. ಕೊಡುವವರ ಸಂತೋಷಕ್ಕೂ ಪಡೆಯುವವರ ನಿಜವಾದ ಅಗತ್ಯಕ್ಕೂ ಇದು ಎಷ್ಟರಮಟ್ಟಿಗೆ ಸೇತುವೆಯಾಗುತ್ತದೆ ಎಂಬುದೇ ಈ ವಿಮರ್ಶೆಯ ವಿಷಯ.

ಸಂಸ್ಥೆಯ ಹುಟ್ಟಿನ ಕಥೆಯಲ್ಲೇ ಈ ಪ್ರಶ್ನೆ ಅಡಗಿದೆ. ಚರ್ಚ್ ಆಫ್ ದಿ ಬ್ರೆದ್ರೆನ್ ಎಂಬ ಶಾಂತಿವಾದಿ ಪಂಥಕ್ಕೆ ಸೇರಿದ, ಇಂಡಿಯಾನಾ ರಾಜ್ಯದ ರೈತ ಡ್ಯಾನ್ ವೆಸ್ಟ್ ಸ್ಪೇನಿನ ಅಂತರ್ಯುದ್ಧದ ಸಮಯದಲ್ಲಿ ಅಲ್ಲಿನ ನಿರಾಶ್ರಿತ ಮಕ್ಕಳಿಗೆ ಹಾಲು ಅಳೆದು ಹಂಚುವ ಕೆಲಸದಲ್ಲಿದ್ದರು. ಹಾಲು ಎಲ್ಲರಿಗೂ ಸಾಲುತ್ತಿರಲಿಲ್ಲ. ಇಂದು ಕುಡಿದ ಮಗು ನಾಳೆ ಮತ್ತೆ ಸಾಲಿನಲ್ಲಿ ನಿಲ್ಲುತ್ತಿತ್ತು. ಈ ಕುಟುಂಬಗಳಿಗೆ ಬೇಕಾದದ್ದು ಒಂದು ಲೋಟ ಹಾಲಲ್ಲ, ಒಂದು ಹಸು ಎಂಬ ನಿರ್ಧಾರಕ್ಕೆ ಬಂದು ಅವರು ಊರಿಗೆ ಮರಳಿದರು ಮತ್ತು ತಮ್ಮ ಸಭೆಯ ರೈತರನ್ನು ಒಪ್ಪಿಸಿದರು. 1944ರಲ್ಲಿ 17 ಕಡಸುಗಳ ಮೊದಲ ತಂಡ ಪೋರ್ಟೊ ರಿಕೊ ತಲುಪಿತು. ಕೊಡುವ ಮೊದಲು ಬೇಕಾದದ್ದು ಏನೆಂದು ಕಂಡುಕೊಂಡ ಆ ವಿವೇಕ ಇಂದಿನ ಕ್ಯಾಟಲಾಗ್‌ನಲ್ಲಿ ಉಳಿದಿದೆಯೇ ಎಂದು ನೋಡುವುದು ನ್ಯಾಯ.

ಬಳಕೆಯ ಮಟ್ಟಿಗೆ ಸೇವೆ ಬಹಳ ಸರಳವಾಗಿದೆ. ನಾನು ನೋಡಿದ ಪಟ್ಟಿಯಲ್ಲಿ ಒಂದು ಮೇಕೆಗೆ 120 ಡಾಲರ್, ಮೇಕೆಯ ಒಂದು ಪಾಲಿಗೆ 10 ಡಾಲರ್, ಕೋಳಿಮರಿಗಳ ಒಂದು ಗುಂಪಿಗೆ 20 ಡಾಲರ್, ಜೇನುಸಾಕಣೆಗೆ 30 ಡಾಲರ್, ಕಡಸಿಗೆ 500 ಡಾಲರ್. ಹಣ ಕೊಟ್ಟವರು ತಮ್ಮ ಬಂಧು ಅಥವಾ ಸ್ನೇಹಿತರ ಹೆಸರಿನಲ್ಲಿ ಈ ಉಡುಗೊರೆಯನ್ನು ಅರ್ಪಿಸಬಹುದು. ಆ ಸ್ನೇಹಿತರಿಗೆ ಕಾಗದದ ಅಥವಾ ಇಮೇಲ್ ರೂಪದ ಕಾರ್ಡ್ ತಲುಪುತ್ತದೆ. ಹತ್ತು ಡಾಲರಿನ ಪಾಲು ಇರುವುದು ನನಗೆ ವಿಶೇಷವಾಗಿ ಮೆಚ್ಚುಗೆಯಾಯಿತು, ಏಕೆಂದರೆ ಭಾನುವಾರದ ಧರ್ಮೋಪದೇಶ ತರಗತಿಯ ಮಕ್ಕಳು ತಮ್ಮ ಹುಂಡಿಯ ಹಣ ಕೂಡಿಸಿ ಒಂದು ಪೂರ್ತಿ ಮೇಕೆಯನ್ನು ಕೊಡಬಹುದು.

ಆದರೆ ಮೇಕೆಯೊಂದನ್ನು ಬಡಕುಟುಂಬದ ಅಂಗಳದಲ್ಲಿ ಕಟ್ಟಿ ಬಂದರೆ ಅದು ಉಪಕಾರವೇ ಆಗಬೇಕೆಂದಿಲ್ಲ. ಮೇಕೆಗೆ ದಿನವೂ ಸೊಪ್ಪು ಬೇಕು, ಶುದ್ಧ ನೀರು ಬೇಕು, ಮಳೆಗಾಲದಲ್ಲಿ ಗೊರಸು ಕೊಳೆಯದಂತೆ ನೆಲದಿಂದ ಎತ್ತರಕ್ಕೆ ಹಲಗೆ ಹೊಡೆದ ಒಣ ದೊಡ್ಡಿ ಬೇಕು, ಹಿರೇಬೇನೆಯಂಥ ರೋಗ ತಗುಲದಂತೆ ಲಸಿಕೆ ಬೇಕು. ಗಬ್ಬವಾದ ಮೇಲೆ ಮರಿ ಹಾಕಲು ಸುಮಾರು 150 ದಿನಗಳಾಗುತ್ತವೆ, ಅಲ್ಲಿಯವರೆಗೆ ಅದು ಹಾಲು ಕೊಡದೆ ಮೇವು ತಿನ್ನುವ ಪ್ರಾಣಿ. ಕೂಲಿಗೆ ಹೋದರಷ್ಟೇ ಒಲೆ ಉರಿಯುವ ಮನೆಯಲ್ಲಿ ಈ ಐದು ತಿಂಗಳು ಅದನ್ನು ಮೇಯಿಸುವವರು ಯಾರು? ಹೈಫರ್‌ನ ಪದ್ಧತಿಯ ಶ್ರೇಷ್ಠ ಅಂಶ ಇರುವುದು ಇಲ್ಲಿಯೇ. ಪ್ರಾಣಿಯ ಜೊತೆಗೆ ಮೇವು ಬೆಳೆಯುವ, ದೊಡ್ಡಿ ಕಟ್ಟುವ, ರೋಗ ಗುರುತಿಸುವ ತರಬೇತಿಯೂ ಬೆಲೆಯಲ್ಲಿ ಸೇರಿದೆ ಎಂದು ಕ್ಯಾಟಲಾಗ್ ಸ್ಪಷ್ಟವಾಗಿ ಹೇಳುತ್ತದೆ. ಅಷ್ಟೇ ಅಲ್ಲ, ಪಡೆದ ಕುಟುಂಬವು ಹುಟ್ಟಿದ ಮೊದಲ ಹೆಣ್ಣು ಮರಿಯನ್ನು ಇನ್ನೊಂದು ಬಡಕುಟುಂಬಕ್ಕೆ ದಾಟಿಸಬೇಕೆಂಬ ನಿಯಮ ಆರಂಭದಿಂದಲೂ ಇದೆ. ನಮ್ಮ ಬಯಲುಸೀಮೆಯಲ್ಲಿ ಕುರಿ ಮೇಕೆಗಳನ್ನು ಪಾಲಿಗೆ ಕೊಡುವ ರೂಢಿಯನ್ನು ಬಲ್ಲವರಿಗೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ: ಅಲ್ಲಿ ಮರಿಗಳ ಪಾಲು ಒಡೆಯನ ಮನೆಗೆ ಹಿಂದಿರುಗುತ್ತದೆ, ಇಲ್ಲಿ ಅದು ಮುಂದಿನ ಮನೆಗೆ ಹೋಗುತ್ತದೆ. ನಿನ್ನೆ ಕೈಚಾಚಿದ ಹೆಂಗಸು ನಾಳೆ ನೆರೆಯವಳಿಗೆ ಮರಿಯನ್ನೂ ಸಾಕುವ ತಿಳಿವಳಿಕೆಯನ್ನೂ ತಾನೇ ಕೊಡುವಂತಾಗುವುದು ನನ್ನ ದೃಷ್ಟಿಯಲ್ಲಿ ಮೇಕೆಗಿಂತ ದೊಡ್ಡ ಉಡುಗೊರೆ.

ಇನ್ನು ಸಣ್ಣ ಅಕ್ಷರಗಳ ವಿಷಯ. ಪ್ರತಿ ಖರೀದಿಯೂ ಸಾಂಕೇತಿಕ, ಹಣವು ಸಂಸ್ಥೆಯ ಒಟ್ಟಾರೆ ಕಾರ್ಯಕ್ಕೆ ಸಲ್ಲುತ್ತದೆ ಮತ್ತು ಅಗತ್ಯ ಹೆಚ್ಚಿರುವಲ್ಲಿ ಬಳಕೆಯಾಗುತ್ತದೆ ಎಂಬ ಒಕ್ಕಣೆ ಅಲ್ಲಿದೆ. ಅಂದರೆ ನೀವು ಆರಿಸಿದ ಮೇಕೆಯೇ ಯಾವುದೋ ಒಂದು ಮನೆಗೆ ನಡೆದು ಹೋಗುತ್ತದೆ ಎಂದು ತಿಳಿಯಬಾರದು. ಇದನ್ನು ವಂಚನೆಯೆಂದು ದೂರುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ನ್ಯೂಯಾರ್ಕಿನಲ್ಲಿ ಕುಳಿತ ನಾನು ಮೇಕೆಯ ಚಿತ್ರ ಮುದ್ದಾಗಿದೆಯೆಂದು ಒತ್ತಿದ ಗುಂಡಿಯು, ಹಳ್ಳಿಯೊಂದಕ್ಕೆ ಈಗ ಬೇಕಾದದ್ದು ಬಿತ್ತನೆ ಬೀಜವೋ ನೀರಿನ ವ್ಯವಸ್ಥೆಯೋ ಎಂಬುದನ್ನು ತೀರ್ಮಾನಿಸಬಾರದು. ನಿಜವಾದ ಕೊರತೆ ಇರುವುದು ಮುದ್ರಣದಲ್ಲಿ: ಪುಟ ತುಂಬ ಮೇಕೆಯನ್ನು ಅಪ್ಪಿಕೊಂಡ ಮಗುವಿನ ಚಿತ್ರವಿದ್ದು, ಈ ಪ್ರಾಮಾಣಿಕ ವಾಕ್ಯ ಮಾತ್ರ ಕಣ್ಣಿಗೆ ಬೀಳದ ಗಾತ್ರದಲ್ಲಿದೆ. ಅದನ್ನು ಚಿತ್ರದ ಪಕ್ಕದಲ್ಲೇ, ಅದೇ ದಪ್ಪ ಅಕ್ಷರಗಳಲ್ಲಿ ಅಚ್ಚು ಮಾಡಿದರೆ ದಾನಿಗಳು ಓಡಿಹೋಗುವುದಿಲ್ಲ, ಇನ್ನಷ್ಟು ವಿಶ್ವಾಸದಿಂದ ಕೊಡುತ್ತಾರೆ.

ಪ್ರಾಣಿಗಳನ್ನು ಕೊಡುವುದರಿಂದ ಬಡತನ ನೀಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವಾಗಿ 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನೋಡಬಹುದು. ಭಾರತವೂ ಸೇರಿದಂತೆ ಆರು ದೇಶಗಳ ಕಡುಬಡವರಿಗೆ ಪ್ರಾಣಿಯಂಥ ಆಸ್ತಿ, ಕೆಲಕಾಲದ ಜೀವನವೆಚ್ಚ, ತರಬೇತಿ, ಉಳಿತಾಯದ ವ್ಯವಸ್ಥೆ ಎಲ್ಲವನ್ನೂ ಒಟ್ಟಿಗೆ ಕೊಟ್ಟಾಗ, ನೆರವು ನಿಂತು ಒಂದು ವರ್ಷದ ನಂತರವೂ ಅವರ ಊಟ ಮತ್ತು ಆದಾಯ ಸುಧಾರಿಸಿಯೇ ಇತ್ತು. ಅದು ಹೈಫರ್‌ನ ಕ್ಯಾಟಲಾಗ್‌ನ ಪರೀಕ್ಷೆಯಲ್ಲ, ಆದರೆ ಅದರ ತತ್ತ್ವಕ್ಕೆ ಬೆಂಬಲ ಕೊಡುತ್ತದೆ. ಅದೇ ಅಧ್ಯಯನದ ಭಾಗವಾದ ಹೊಂಡುರಾಸ್‌ನಲ್ಲಿ ಹಂಚಿದ ಕೋಳಿಗಳಲ್ಲಿ ಬಹಳಷ್ಟು ರೋಗದಿಂದ ಸತ್ತುಹೋದವು ಎಂಬುದನ್ನೂ ಮರೆಯುವಂತಿಲ್ಲ. ಬರದ ನಾಡುಗಳಿಗೆ ಜಾನುವಾರು ಕೊಡುವುದು ನೀರಿನ ಮೇಲೂ ಪ್ರಾಣಿಗಳ ಮೇಲೂ ಹೊರೆಯೆಂದು ಪ್ರಾಣಿದಯಾ ಸಂಘಟನೆಗಳು ಆಕ್ಷೇಪಿಸಿವೆ. ಕೀನ್ಯಾದಂಥ ಕಡೆ ಮೊಬೈಲ್ ಮೂಲಕ ನೇರವಾಗಿ ನಗದನ್ನೇ ಕಳುಹಿಸಿ, ಮೇಕೆಯೋ ತಗಡಿನ ಮಾಡೋ ಎಂಬ ಆಯ್ಕೆಯನ್ನು ಕುಟುಂಬಕ್ಕೇ ಬಿಡುವ ಗಿವ್‌ಡೈರೆಕ್ಟ್‌ಲಿ ಎಂಬ ಸಂಸ್ಥೆಯೂ ಇದೆ. ತನಗೆ ಏನು ಬೇಕೆಂದು ಬಡವನಿಗೇ ಚೆನ್ನಾಗಿ ತಿಳಿದಿರುತ್ತದೆ ಎಂಬ ಅದರ ನಂಬಿಕೆ ಗೌರವಾರ್ಹವಾದದ್ದು.

ಎಲ್ಲವನ್ನೂ ತೂಗಿ ನೋಡಿದ ಮೇಲೆ ನಾನು ಈ ಕ್ಯಾಟಲಾಗನ್ನು ಶಿಫಾರಸು ಮಾಡುತ್ತೇನೆ, ಒಂದು ಸಲಹೆಯೊಂದಿಗೆ: ನಿರ್ದಿಷ್ಟ ಪ್ರಾಣಿಯನ್ನು ಆರಿಸುವ ಬದಲು, ಅಗತ್ಯವಿರುವಲ್ಲಿ ಬಳಸಿಕೊಳ್ಳಿ ಎಂದು ಹಣ ಕೊಡಿ. ಕಾರ್ಡನ್ನು ಯಾರ ಹೆಸರಿಗೆ ಮಾಡಿಸಬೇಕೆಂಬುದರಲ್ಲೂ ವಿವೇಚನೆ ಇರಲಿ. ಎಲ್ಲವೂ ಇರುವ ಸಹೋದ್ಯೋಗಿಗೆ ಮತ್ತೊಂದು ಕಾಫಿ ಲೋಟ ಕೊಡುವುದಕ್ಕಿಂತ ಈ ಕಾರ್ಡ್ ಒಳ್ಳೆಯದು. ಆದರೆ ಚಳಿಗಾಲಕ್ಕೆ ಕೋಟು ಇಲ್ಲದ ನೆಂಟರ ಮಗುವಿಗೆ ಮೇಕೆಯ ಕಾರ್ಡ್ ಕೊಡುವುದು ಸರಿಯಲ್ಲ, ಆ ಮಗುವಿಗೆ ಕೋಟನ್ನೇ ಕೊಡಬೇಕು.

ಕರ್ನಾಟಕದಲ್ಲಿರುವ ಓದುಗರಿಗೆ ಈ ಸೇವೆ ಅಷ್ಟು ಅನುಕೂಲಕರವಲ್ಲ; ಡಾಲರಿನಲ್ಲಿ ವಿದೇಶಿ ಸಂಸ್ಥೆಗೆ ಕೊಟ್ಟ ಹಣಕ್ಕೆ ದಾನದ ಮೇಲಿನ ಆದಾಯ ತೆರಿಗೆ ವಿನಾಯಿತಿಯೂ ಸಿಗುವುದಿಲ್ಲ. ಅವರಿಗೆ ಹತ್ತಿರದ ದಾರಿಯೆಂದರೆ, ಮಂಗಳೂರಿನ ಕಡೆಯ ಅನೇಕ ಚರ್ಚುಗಳಲ್ಲಿ ಘಟಕಗಳಿರುವ ಸಂತ ವಿನ್ಸೆಂಟ್ ದೆ ಪೌಲ್ ಸಭೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜಾನಮ್ ಮತ್ತು ಗೆಳೆಯರು ಆರಂಭಿಸಿದ ಈ ಸಭೆಯ ಸದಸ್ಯರು ಮೊದಲು ಬಡವರ ಮನೆಗೆ ಹೋಗಿ, ಕುಳಿತು ಮಾತನಾಡಿ, ಕಷ್ಟ ಕೇಳಿ, ಆಮೇಲೆ ನೆರವು ನೀಡುತ್ತಾರೆ. ಮನೆಯಲ್ಲಿ ಕರಿದ ಕುಸ್ವಾರ್‌ನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆ ನೆರೆಮನೆಗಳಿಗೆ ಹೋಗುವ ಚೆಂದದ ಪದ್ಧತಿ ಹಾಗೆಯೇ ಮುಂದುವರಿಯಲಿ. ಅದರ ಜೊತೆಗೆ ಆಗಮನದ ಮೊದಲ ವಾರದಲ್ಲೇ ಸಭೆಯವರನ್ನು ಕಂಡು, ಯಾವ ಮನೆಯ ಮಾಡು ಸೋರುತ್ತಿದೆ, ಯಾರ ಔಷಧಿಯ ಬಾಕಿ ಉಳಿದಿದೆ, ಯಾವ ಮಗುವಿನ ಶಾಲಾ ಶುಲ್ಕ ಕಟ್ಟಬೇಕಾಗಿದೆ ಎಂದು ವಿಚಾರಿಸಿಕೊಂಡರೆ, ಹಬ್ಬಕ್ಕೆ ಮುಂಚೆಯೇ ಅದನ್ನು ಪೂರೈಸಲು ಮೂರು ವಾರಗಳ ಸಮಯ ಉಳಿಯುತ್ತದೆ.