ಗುಡ್‌ರೀಡ್ಸ್ ಓದಿನ ಸವಾಲು: ಎಣಿಕೆ ಎಲ್ಲಿ ತಪ್ಪುತ್ತದೆ?

ವರ್ಷಕ್ಕೆ ಇಷ್ಟು ಪುಸ್ತಕ ಎಂದು ಗುರಿ ಇಟ್ಟುಕೊಂಡು ಓದುವವರಿಗೆ, ಓದಿದ ಪುಸ್ತಕಗಳ ಲೆಕ್ಕ ಇಡುವ ಜಾಲತಾಣವಾದ ಗುಡ್‌ರೀಡ್ಸ್‌ನ ವಾರ್ಷಿಕ ಸವಾಲು ಸುಲಭದ ಸಾಧನ. ಸಂಖ್ಯೆ ಕೊಟ್ಟರೆ ಸಾಕು, ಎಷ್ಟು ಮುಂದಿದ್ದೀರಿ, ಎಷ್ಟು ಹಿಂದೆ ಬಿದ್ದಿದ್ದೀರಿ ಎಂದು ಅದೇ ಲೆಕ್ಕ ಹಾಕುತ್ತದೆ. ನಡುವೆ ಗುರಿ ಬದಲಿಸಲೂಬಹುದು.

ತೊಡಕು ಇರುವುದು ದಿನಾಂಕದಲ್ಲಿ. ಪುಸ್ತಕವನ್ನು ‘ಓದಿದ್ದು’ ಎಂದು ಗುರುತಿಸಿದರಷ್ಟೇ ಸಾಲದು, ಮುಗಿಸಿದ ದಿನಾಂಕ ಆ ವರ್ಷದ್ದೇ ಆಗಿರಬೇಕು. ಡಿಸೆಂಬರ್ 28ಕ್ಕೆ ಶುರುಮಾಡಿ ಜನವರಿ 3ಕ್ಕೆ ಮುಗಿಸಿದ್ದು ಹೊಸ ವರ್ಷದ ಖಾತೆಗೆ. ಮತ್ತೆ ಓದಿದ ಪುಸ್ತಕವಾದರೆ ಹಳೆಯ ದಿನಾಂಕವನ್ನು ತಿದ್ದಬೇಡಿ, ಹಿಂದಿನ ವರ್ಷದ ಎಣಿಕೆಯಲ್ಲಿ ಒಂದು ಕಳೆದುಹೋಗುತ್ತದೆ. ಅದೇ ಪುಸ್ತಕಕ್ಕೆ ಇನ್ನೊಂದು ಓದಿನ ದಿನಾಂಕ ಸೇರಿಸಿ.

ದೊಡ್ಡ ಕೊರತೆ ಬೇರೆ. 90 ಪುಟದ ಕವನ ಸಂಕಲನವೂ ಒಂದೇ, 900 ಪುಟದ ಕಾದಂಬರಿಯೂ ಒಂದೇ. ನವೆಂಬರ್ ಬಂತೆಂದರೆ ತೆಳ್ಳಗಿನ ಪುಸ್ತಕಗಳಿಗೆ ಇದ್ದಕ್ಕಿದ್ದಂತೆ ಶುಕ್ರದೆಸೆ! ವಾರಕ್ಕೊಂದರಂತೆ 52 ಎನ್ನುವುದು ಕೇಳಲು ಚೆಂದ; ಸರಾಸರಿ 300 ಪುಟ ಹಿಡಿದರೆ ದಿನಕ್ಕೆ ಸುಮಾರು 43 ಪುಟ, ಒಂದು ದಿನವೂ ತಪ್ಪದೆ. 24 ಇಟ್ಟರೆ 20 ಪುಟ ಸಾಕು, ಅನಿಸಿಕೆ ಬರೆಯಲೂ ಪುರುಸೊತ್ತು ಸಿಗುತ್ತದೆ. ಮುಗಿಸಿದ ಎರಡು ದಿನದೊಳಗೆ ನಾಲ್ಕು ಸಾಲು ಗೀಚಿಡದಿದ್ದರೆ ವರ್ಷದ ಕೊನೆಗೆ ಉಳಿಯುವುದು ಮುಖಪುಟದ ಬಣ್ಣವಷ್ಟೇ.

ದಪ್ಪ ಪುಸ್ತಕಗಳ ಪ್ರಿಯರಿಗೆ ಇಂಥದ್ದೇ ಇನ್ನೊಂದು ತಾಣವಾದ ಸ್ಟೋರಿಗ್ರಾಫ್ ವಾಸಿ. ಅಲ್ಲಿ ಪುಟಗಳ ಲೆಕ್ಕದಲ್ಲೇ ಗುರಿ ಇಡಬಹುದು, ಕಾಲು ನಕ್ಷತ್ರದ ತನಕ ಸೂಕ್ಷ್ಮವಾಗಿ ಅಂಕ ಕೊಡಬಹುದು.