ಹಾಸ್ಟೆಲ್, ನೆಂಟರ ಮನೆ, ಶೇರಿಂಗ್ ಮನೆ: ನರ್ಸಿಂಗ್ ಓದುವವರಿಗೆ ಯಾವುದು ವಾಸಿ?

ನರ್ಸಿಂಗ್ ಡಿಗ್ರಿಗೆ ಅಂತ ಹೊಸ ಊರಿಗೆ ಹೊರಟವರು ಯಾರೇ ಕೇಳಲಿ, ನಾನು ಹೇಳುವುದು ಒಂದೇ. ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಇದೇ ಕೋರ್ಸಿನ ಇಬ್ಬರು ಮೂವರು ಸೇರಿ ಒಂದು ಮನೆ ಬಾಡಿಗೆಗೆ ಹಿಡಿಯಿರಿ. ನಾನು ಮೊದಲು ನೆಂಟರ ಮನೆಯಲ್ಲಿದ್ದೆ, ಆಮೇಲೆ ಹಾಸ್ಟೆಲಿನಲ್ಲಿ, ಈಗ ಇಂಥದ್ದೊಂದು ಶೇರಿಂಗ್ ಮನೆಯಲ್ಲಿದ್ದೇನೆ. ಮೂರು ಕಡೆಯಿಂದಲೂ ಡ್ಯೂಟಿಗೆ ಹೋಗಿ ಬಂದಿದ್ದೇನೆ.

ಬಾಡಿಗೆ, ಊಟ, ವೈಫೈ ಇವನ್ನೆಲ್ಲ ಎಲ್ಲರೂ ವಿಚಾರಿಸಿಯೇ ವಿಚಾರಿಸುತ್ತಾರೆ, ಅದನ್ನು ಬಿಡೋಣ. ಬೇರೆ ಕೋರ್ಸಿನವರು ಕಾಲೇಜಿಗೆ ಎಷ್ಟು ದೂರ ಅಂತ ನೋಡಿದರೆ ಸಾಕು. ನಮಗೆ ಅದು ಸಾಲದು. ಯುರೋಪಿಯನ್ ಒಕ್ಕೂಟದ ನಿಯಮವನ್ನೇ ನೋಡಿ: ನರ್ಸಿಂಗಿಗೆ ಕನಿಷ್ಠ 4,600 ಗಂಟೆ ತರಬೇತಿ, ಅದರಲ್ಲಿ ಕಡಿಮೆಯೆಂದರೂ ಅರ್ಧ ಭಾಗ ಕ್ಲಿನಿಕಲ್. ಅಂದರೆ ಅರ್ಧ ಓದು ವಾರ್ಡಿನಲ್ಲೇ ನಡೆಯುತ್ತದೆ. ಬೆಳಗಿನ ಡ್ಯೂಟಿಯ ಹ್ಯಾಂಡೋವರ್, ಅಂದರೆ ಹಿಂದಿನ ಡ್ಯೂಟಿಯವರು ರೋಗಿಗಳ ವಿವರ ಹೇಳಿ ಜವಾಬ್ದಾರಿ ಒಪ್ಪಿಸುವುದು, ಶುರುವಾಗುವ ಹೊತ್ತಿಗೆ ಊರು ಇನ್ನೂ ಸರಿಯಾಗಿ ಎದ್ದಿರುವುದಿಲ್ಲ. ಹಾಗಾಗಿ ಅಳೆಯಬೇಕಾದದ್ದು ಆಸ್ಪತ್ರೆಯ ದೂರ.

ಹಾಸ್ಟೆಲಿನಲ್ಲಿ ನನ್ನನ್ನು ನಿಜಕ್ಕೂ ಸುಸ್ತು ಮಾಡಿದ್ದು ಯೂನಿಫಾರ್ಮ್ ಒಗೆಯುವ ಕೆಲಸ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಇದು ದಿನಾ ಬರುವ ಕಷ್ಟ. ಇಡೀ ಮಹಡಿಗೆ ಒಂದೇ ವಾಷಿಂಗ್ ಮೆಷಿನ್. ಅದರಲ್ಲಿ ತಣ್ಣೀರು ಬಿಟ್ಟರೆ ಬೇರೆ ಆಯ್ಕೆ ಇಲ್ಲ. ರಾತ್ರಿ ಆ ರೂಮಿಗೆ ಬೀಗ. ಮಧ್ಯಾಹ್ನದ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಬೀಗ ಬಿದ್ದಿರುತ್ತಿತ್ತು. ಮರುದಿನ ಬೆಳಗಿನ ಡ್ಯೂಟಿ ಇದ್ದರೆ ಬಕೆಟ್‌ನಲ್ಲಿ ಒಗೆದು, ಹಿಂಡಿ, ರೂಮಿನ ಕಿಟಕಿಗೆ ನೇತು ಹಾಕಬೇಕು. ಬೆಳಿಗ್ಗೆ ಮುಟ್ಟಿ ನೋಡಿದರೆ ಬೆನ್ನು, ತೋಳು ಒಣಗಿರುತ್ತಿದ್ದವು. ಕಾಲರ್ ಮತ್ತು ಜೇಬಿನ ಅಂಚು ಮಾತ್ರ ಹಸಿ. ಅಲ್ಲಿ ಬಟ್ಟೆ ಎರಡು ಮೂರು ಪದರ ಇರುತ್ತದೆ ಅಲ್ವಾ? ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಚುಸ್ ಅಂತ ಹಬೆ ಏಳುತ್ತಿತ್ತು, ಜೊತೆಗೆ ಮುಗ್ಗಲು ವಾಸನೆ. ಅದನ್ನೇ ತೊಟ್ಟುಕೊಂಡು ರೋಗಿಯ ಮಂಚದ ಪಕ್ಕ ನಿಲ್ಲುವುದು ನನಗಂತೂ ಸರಿ ಅನ್ನಿಸುತ್ತಿರಲಿಲ್ಲ.

ಇನ್ನೆರಡು ಜೊತೆ ಹೊಲಿಸಿಕೋ ಅಂತ ಸೀನಿಯರ್‌ಗಳು ಹೇಳಿದರು. ಹೊಲಿಸಿದೆ. ಸ್ವಲ್ಪ ಹಗುರವಾಯಿತು, ಅಷ್ಟೇ. ತಣ್ಣೀರಿನ ಸಮಸ್ಯೆ ಹಾಗೇ ಉಳಿಯಿತು. ವಾರ್ಡಿನ ಬಟ್ಟೆಯನ್ನು ಬೇರೆ ಬಟ್ಟೆಗಳ ಜೊತೆ ಸೇರಿಸದೆ 60 ಡಿಗ್ರಿ ಬಿಸಿಯಲ್ಲಿ ಹತ್ತು ನಿಮಿಷ ಒಗೆದರೆ ಸೂಕ್ಷ್ಮಜೀವಿಗಳು ಬಹುಪಾಲು ಹೋಗುತ್ತವೆ. ಮೆಷಿನ್‌ಗೆ ಬಟ್ಟೆ ತುರುಕಲೂಬಾರದು, ನೀರು ಎಲ್ಲ ಕಡೆ ಆಡಬೇಕು. ರಕ್ತದ ಕಲೆ ಇದ್ದರೆ ಮಾತ್ರ ಮೊದಲು ತಣ್ಣೀರಿನಲ್ಲೇ ತೊಳೆಯಬೇಕು. ನೇರ ಬಿಸಿನೀರಿಗೆ ಹಾಕಿದರೆ ಅದರಲ್ಲಿರುವ ಪ್ರೋಟೀನ್ ಗಟ್ಟಿಯಾಗಿ ಕಲೆ ಕೂತುಬಿಡುತ್ತದೆ. ಇದನ್ನೆಲ್ಲ ಕಲಿಸುವುದು ನಮಗೇ. ಇದ್ದ ಜಾಗದಲ್ಲಿ ಅದನ್ನು ಪಾಲಿಸಲು ಆಗದಿದ್ದರೆ ಹೇಗೆ?

ನೆಂಟರ ಮನೆಯಲ್ಲಿ ಬಿಸಿನೀರಿನ ಮೆಷಿನ್ ಇತ್ತು. ಆದರೆ ಆ ಮನೆಯಲ್ಲಿ ಪುಟ್ಟ ಮಗು. ಮಗುವಿನ ಬಟ್ಟೆ ಹಾಕುವ ಮೆಷಿನ್‌ಗೆ ನನ್ನ ವಾರ್ಡಿನ ಬಟ್ಟೆ ಹಾಕಲು ಮನಸ್ಸು ಬರುತ್ತಿರಲಿಲ್ಲ. ಅವರು ಯಾವತ್ತೂ ಏನೂ ಅಂದವರಲ್ಲ. ನಾನು ರಾತ್ರಿ ತಡವಾಗಿ ಬಂದರೆ ಬಾಗಿಲು ತೆಗೆಯಲು ಎದ್ದೇ ಇರುತ್ತಿದ್ದರು. ಅದು ನನಗೆ ತುಂಬಾ ಸಂಕಟವಾಗುತ್ತಿತ್ತು. ಖರ್ಚು ಅಂತ ನೋಡಿದರೆ ಇದನ್ನು ಮೀರಿಸುವುದು ಯಾವುದೂ ಇಲ್ಲ. ಆಸ್ಪತ್ರೆಗೆ ಮಾತ್ರ ಎರಡು ಬಸ್.

ಹಗಲು ನಿದ್ದೆಯ ವಿಷಯದಲ್ಲಿ ಎರಡೂ ಕಡೆ ಒಂದೇ ಪಾಡು. ನೈಟ್ ಡ್ಯೂಟಿ ಮುಗಿಸಿ ಮಲಗಿದರೆ, ಹೊರಗೆ ಬೆಳಕಿದೆ ಏಳು ಅಂತ ಮೈಯೇ ಹೇಳುತ್ತಿರುತ್ತದೆ. ಅದರ ಮೇಲೆ ಬಾಗಿಲು ಬಡಿಯುವ ಸದ್ದು, ಫೋನ್ ಮಾತು. ಈಗಿನ ಮನೆಯಲ್ಲಿ ನಾವು ಎಲ್ಲರ ಡ್ಯೂಟಿ ಪಟ್ಟಿಯನ್ನೂ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇವೆ. ಯಾರಿಗೆ ನೈಟ್ ಇದೆಯೋ ಅವರಿಗೆ ಹಿಂದಿನ ರೂಮು. ಕಿಟಕಿಗೆ ದಪ್ಪನೆಯ ಕಪ್ಪು ಪರದೆ. ಕೇಳದೆಯೇ ಎಲ್ಲರೂ ಮೆಲ್ಲಗೆ ಓಡಾಡುತ್ತಾರೆ, ನಾಳೆ ತಮ್ಮ ಸರದಿ ಬರುತ್ತದೆ ಅಂತ ಗೊತ್ತಲ್ಲ.

ನಡೆದು ಬರುವಷ್ಟು ಹತ್ತಿರ ಇರಲಿ ಅಂತ ನಾನು ಹಟ ಹಿಡಿಯುವುದಕ್ಕೂ ಕಾರಣವಿದೆ. 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಒಂದೇ ಸಮನೆ 17 ಗಂಟೆ ಎದ್ದಿದ್ದವರ ಕೈ-ಕಣ್ಣಿನ ಹಿಡಿತ, ರಕ್ತದಲ್ಲಿ 0.05% ಆಲ್ಕೋಹಾಲ್ ಇದ್ದವರ ಮಟ್ಟಕ್ಕೆ ಇಳಿದಿತ್ತು. ಹಿಂದಿನ ಮಧ್ಯಾಹ್ನದಿಂದ ಎದ್ದಿದ್ದು, ಬೆಳಿಗ್ಗೆ ಹ್ಯಾಂಡೋವರ್ ಕೊಟ್ಟು, ದೂರದ ಮನೆಗೆ ಗಾಡಿ ಓಡಿಸಿಕೊಂಡು ಹೋಗುವುದನ್ನು ಒಮ್ಮೆ ಯೋಚಿಸಿ.

ಶೇರಿಂಗ್ ಮನೆಯಲ್ಲಿ ತೊಂದರೆ ಇಲ್ಲ ಅಂತಲ್ಲ. ಶುರುವಿನಲ್ಲೇ ಅಡ್ವಾನ್ಸ್ ಅಂತ ಜಾಸ್ತಿ ದುಡ್ಡು ಹೊಂದಿಸಬೇಕು. ನಡುವೆ ಒಬ್ಬರು ಬಿಟ್ಟು ಹೋದರೆ ಅವರ ಪಾಲಿನ ಬಾಡಿಗೆ ಉಳಿದವರ ತಲೆಗೆ. ಪಾತ್ರೆ ಯಾರು ತೊಳೆಯಬೇಕು ಅನ್ನುವ ಜಗಳ ಇದ್ದೇ ಇದೆ.

ಪರೀಕ್ಷೆ ಹೊತ್ತಿಗೆ ಹಾಸ್ಟೆಲೇ ಮೇಲು. ವೈವಾಕ್ಕೆ (ಬಾಯಿಮಾತಿನ ಪರೀಕ್ಷೆಗೆ) ಮುಂಚೆ ರಾತ್ರಿ ಯಾರೋ ಒಬ್ಬರು ಸೀನಿಯರ್ ಎದುರಿಗೆ ಕೂತು, ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕುವ ಹಂತಗಳನ್ನು ಬಾಯಲ್ಲಿ ಹೇಳಿಸಿ ತಿದ್ದುತ್ತಿದ್ದರು. ಅದು ಈಗಿನ ಮನೆಯಲ್ಲಿ ಸಿಗುವುದಿಲ್ಲ.

ಮನೆ ಯಾವುದೇ ಆಗಲಿ, ಲಸಿಕೆಯ ದಾಖಲೆ ಜೊತೆಗಿರಲಿ. ಹೆಪಟೈಟಿಸ್ ಬಿ ಲಸಿಕೆಯನ್ನು ಸಾಮಾನ್ಯವಾಗಿ 0, 1 ಮತ್ತು 6ನೇ ತಿಂಗಳಲ್ಲಿ ಕೊಡುತ್ತಾರೆ. ಊರು ಬದಲಾಯಿಸುವ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಆ ಮೂರನೆಯದೇ.

ನನಗೆ ನಿದ್ದೆ ಕೆಟ್ಟರೆ ಮರುದಿನ ತಲೆ ಓಡುವುದಿಲ್ಲ, ಗಲಾಟೆಯಲ್ಲಿ ಓದು ಹತ್ತುವುದಿಲ್ಲ. ಒಬ್ಬರೇ ಇರುವಷ್ಟು ದುಡ್ಡೂ ಕೈಯಲ್ಲಿಲ್ಲ. ಅದಕ್ಕೇ ಶೇರಿಂಗ್. ಗದ್ದಲದಲ್ಲೂ ನಿದ್ದೆ ಬರುವವರು, ಹೊಸ ಊರಲ್ಲಿ ಯಾರ ಪರಿಚಯವೂ ಇಲ್ಲದವರು ಪೋಸ್ಟಿಂಗ್ (ವಾರ್ಡಿನ ಡ್ಯೂಟಿ) ಜಾಸ್ತಿಯಾಗುವವರೆಗೆ ಹಾಸ್ಟೆಲಿನಲ್ಲಿರಿ. ಅಲ್ಲೇ ಜೊತೆಗಾರರೂ ಸಿಗುತ್ತಾರೆ. ಆಮೇಲೆ ಮನೆ ನೋಡಲು ಹೋಗುವುದಾದರೆ ಮಧ್ಯಾಹ್ನವೇ ಹೋಗಿ. ಬಾಗಿಲು, ಕಿಟಕಿ ಮುಚ್ಚಿ ರೂಮಿನಲ್ಲಿ ಸ್ವಲ್ಪ ಹೊತ್ತು ಕೂತು, ಎಷ್ಟು ಕತ್ತಲಾಗುತ್ತದೆ, ಎಷ್ಟು ಸದ್ದು ಬರುತ್ತದೆ ನೋಡಿ. ಮೆಷಿನ್‌ನಲ್ಲಿ 60 ಡಿಗ್ರಿ ಇದೆಯಾ ಅಂತ ನೋಡಿಯೇ ಅಡ್ವಾನ್ಸ್ ಕೊಡಿ.