ಪುಂಟೊಕ್ಕೆ ಅಬಾರ್ಥ್ ಸ್ಪ್ರಿಂಗ್: ಬೆಳಗಾವಿ ರಸ್ತೆಗೆ ಒಗ್ಗುತ್ತದೆಯೇ?

ಹೊಗೆ ಮಿತಿಯ ಬಿಎಸ್-6 ನಿಯಮ ಬರುವ ಮೊದಲೇ ಫಿಯಟ್ ಕಾರುಗಳ ಮಾರಾಟ ನಿಂತುಹೋದರೂ ಪುಂಟೊ ಮಾರಲು ಮನಸ್ಸಿಲ್ಲದವರು ಬೆಳಗಾವಿಯಲ್ಲಿ ಇನ್ನೂ ಸಿಗುತ್ತಾರೆ. ಸ್ಟಿಯರಿಂಗಿನ ತೂಕ, ಬಾಡಿಯ ಗಟ್ಟಿತನ, ಹೈವೇಯಲ್ಲಿ ನೆಲ ಕಚ್ಚಿ ಓಡುವ ಗುಣ ಇವನ್ನು ಬಿಟ್ಟುಕೊಡುವುದು ಸುಲಭವಲ್ಲ. ಹತ್ತು ವರ್ಷ ದಾಟಿದ ಗಾಡಿಯ ಸ್ಪ್ರಿಂಗ್ ಕುಸಿಯತೊಡಗಿದಾಗ ಎರಡು ದಾರಿ. ಇದ್ದದ್ದೇ ಕಂಪನಿ ಸ್ಪ್ರಿಂಗ್ ಮತ್ತೆ ಹಾಕಿಸಬಹುದು, ಇಲ್ಲವೇ ಅದೇ ಬಾಡಿಗೆ ಅದೇ ಕಂಪನಿ ಮಾಡಿದ ಅಬಾರ್ಥ್ ಪುಂಟೊದ, ಅಂದರೆ ಪುಂಟೊದ ಹೆಚ್ಚು ಶಕ್ತಿಯ ಮಾದರಿಯ, ಸ್ಪ್ರಿಂಗ್ ಹಾಕಿಸಬಹುದು. ಇಲ್ಲಿ ಎರಡನೆಯದರ ಮಾತು. ಸ್ಪ್ರಿಂಗ್ ಚಲೋ ಇದೆ, ಆದರೆ ಅದೊಂದನ್ನೇ ಹಾಕಿಸಿದರೆ ದುಡ್ಡು ದಂಡ. ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್ (ಶಾಕಪ್), ಸ್ಪ್ರಿಂಗ್ ಪೂರ್ತಿ ಒತ್ತಿಹೋಗದಂತೆ ತಡೆಯುವ ಮೆತ್ತನೆಯ ಬಂಪ್ ಸ್ಟಾಪರ್ ಸಮೇತ ಹಾಕಿಸಿದಾಗ ಮಾತ್ರ ಅದರ ಗುಣ ಹೊರಗೆ ಬರುತ್ತದೆ.

ಅಬಾರ್ಥ್ ಪುಂಟೊ ನಮ್ಮ ದೇಶದಲ್ಲಿ 2015ರ ಅಕ್ಟೋಬರಿನಲ್ಲಿ ಬಂತು. ತಯಾರಾಗಿದ್ದು ಪುಣೆ ಹತ್ತಿರದ ರಂಜಣಗಾಂವ್ ಕಾರ್ಖಾನೆಯಲ್ಲಿ, ಉಳಿದ ಪುಂಟೊಗಳ ಜೊತೆಯಲ್ಲೇ. 1.4 ಲೀಟರ್ ಟಿ-ಜೆಟ್ ಟರ್ಬೊ ಪೆಟ್ರೋಲ್ ಇಂಜಿನ್, 145 ಅಶ್ವಶಕ್ತಿ, 212 ಎನ್‌ಎಂ ಟಾರ್ಕ್, ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕ್, 195/55 ಆರ್16 ಟಾಯರ್. ಈ ಶಕ್ತಿಗೆ ತಕ್ಕಂತೆ ಸ್ಪ್ರಿಂಗ್ ಬಿಗಿ ಮಾಡಿ ಗಾಡಿಯನ್ನು ತಗ್ಗಿಸಿದರು. ಗ್ರೌಂಡ್ ಕ್ಲಿಯರೆನ್ಸ್ 155 ಮಿ.ಮೀ. ಸಾಮಾನ್ಯ ಪುಂಟೊ ಓಡಿಸಿ ರೂಢಿಯಾದವರಿಗೆ ಈ ತಗ್ಗು ಮೊದಲ ಹಂಪಿನಲ್ಲೇ ಗೊತ್ತಾಗುತ್ತದೆ.

ಸ್ಪ್ರಿಂಗಿನ ಬಿಗಿ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಪೇಟೆಯಲ್ಲಿ ಯಾರೂ ಮೋಸ ಮಾಡಲಾರರು. ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ, ಸುರುಳಿಯ ಅಗಲದ ಮೂರನೇ ಘಾತಕ್ಕೆ ಇಳಿಯುತ್ತದೆ, ಸುತ್ತುಗಳು ಹೆಚ್ಚಾದಷ್ಟೂ ಇಳಿಯುತ್ತದೆ. ಲೆಕ್ಕಕ್ಕೆ 12 ಮಿ.ಮೀ. ತಂತಿ 12.6 ಆಯಿತೆನ್ನಿ. ಕಣ್ಣಿಗೆ ಕಾಣದಷ್ಟು ಫರಕು, ಆದರೆ ಬಿಗಿ ಶೇ. 21ಕ್ಕಿಂತ ಹೆಚ್ಚು ಏರುತ್ತದೆ. ಹಾಗಾಗಿ ‘ಅಬಾರ್ಥ್ ಮಾಲು’ ಎಂದು ಯಾರಾದರೂ ಹಳೆಯ ಸ್ಪ್ರಿಂಗ್ ಕೊಟ್ಟರೆ ಬಣ್ಣ ನೋಡಿ ಒಪ್ಪಬೇಡಿ. ವರ್ನಿಯರ್ ಹಿಡಿದು ತಂತಿ ಅಳೆಯಿರಿ, ಸುತ್ತು ಎಣಿಸಿ, ನಿಮ್ಮ ಗಾಡಿಯ ಸ್ಪ್ರಿಂಗ್ ಪಕ್ಕದಲ್ಲಿ ನಿಲ್ಲಿಸಿ ಕೂರುವ ತುದಿಯ ಅಗಲ ಹೋಲಿಸಿ. ಸುರುಳಿಯ ಮೇಲಿನ ಬಣ್ಣದ ಚುಕ್ಕೆ ಅಂದಕ್ಕಲ್ಲ, ತೂಕದ ವರ್ಗ ತೋರಿಸುವ ಗುರುತು. ಎಡಕ್ಕೂ ಬಲಕ್ಕೂ ಒಂದೇ ಗುರುತಿನ ಜೋಡಿ ಬೇಕು. ಪಾರ್ಟ್ ನಂಬರಿನ ಚೀಟಿ ಇರುವ ಹೊಸ ಪೊಟ್ಟಣ ಸಿಕ್ಕರೆ ಎರಡು ಮಾತಿಲ್ಲ. ತುಕ್ಕಿನ ಚಿಕ್ಕ ಕುಳಿ ಬಿದ್ದ ಹಳೆ ಸ್ಪ್ರಿಂಗ್ ಎಷ್ಟೇ ಅಗ್ಗವಾದರೂ ಬೇಡ, ಮುರಿಯುವುದು ಆ ಕುಳಿಯಿಂದಲೇ.

ಇದ್ದ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ‘ಲೋ’ ಮಾಡಿಕೊಡುತ್ತೇವೆ ಎನ್ನುವವರಿಂದ ದೂರ ಇರಿ. ಗಾಡಿ ತಗ್ಗುತ್ತದೆ, ಬಿಗಿಯೂ ಏರುತ್ತದೆ, ಅದು ಸುಳ್ಳಲ್ಲ. ಆದರೆ ತುದಿ ಹೋದ ಸುರುಳಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಗ್ಯಾಸ್ ಕಟ್ಟರಿನ ಕಾವು ಉಕ್ಕಿನ ಹದ ಕೆಡಿಸುತ್ತದೆ. ಗಾಲಿ ಪೂರ್ತಿ ಕೆಳಗೆ ಇಳಿದಾಗ ಸ್ಪ್ರಿಂಗ್ ಸಡಿಲಾಗಿ ಜಾಗ ಬಿಡುತ್ತದೆ. ಕಂಪನಿಯ ಗಿಡ್ಡ ಸ್ಪ್ರಿಂಗಿಗೂ ಕತ್ತರಿಸಿದ ಸ್ಪ್ರಿಂಗಿಗೂ ಇರುವ ಅಂತರ ಇದೇ.

ಶಾಕಪ್ ಯಾಕೆ ಜೊತೆಗೇ ಬದಲಾಗಬೇಕು? ಮೇಲಿನ ಲೆಕ್ಕದಂತೆ ಸ್ಪ್ರಿಂಗ್ ಶೇ. 21 ಬಿಗಿಯಾಗಿ ಶಾಕಪ್ ಹಳೆಯದೇ ಉಳಿದರೆ, ಕುಣಿತ ತಡೆಯುವ ಶಕ್ತಿ ಬೇಕಾದ ಪ್ರಮಾಣಕ್ಕೆ ಹೋಲಿಸಿದರೆ ಸುಮಾರು ಶೇ. 9 ಕಮ್ಮಿಯಾಗುತ್ತದೆ. ಹೊಸ ಶಾಕಪ್‌ನ ಲೆಕ್ಕ ಅದು. ಎಪ್ಪತ್ತು ಎಂಬತ್ತು ಸಾವಿರ ಕಿಲೋಮೀಟರ್ ಓಡಿ ಎಣ್ಣೆ ಸೋರಿದ ಶಾಕಪ್‌ಗೆ ಹಾಕಿದರೆ ಹಂಪ್ ದಾಟಿದ ಮೇಲೆ ಗಾಡಿ ಒಂದೇ ಸಲ ಕೂರುವ ಬದಲು ಎರಡು ಮೂರು ಸಲ ಜಿಗಿಯುತ್ತದೆ, ‘ಅಬಾರ್ಥ್ ಸ್ಪ್ರಿಂಗ್ ಒದೆಯುತ್ತದೆ’ ಎಂಬ ದೂರು ಹುಟ್ಟುತ್ತದೆ. ಒದೆಯುವುದು ಸ್ಪ್ರಿಂಗಲ್ಲ. ಎರಡನೆಯ ಕಾರಣ ಬಂಪ್ ಸ್ಟಾಪರ್. ಗಾಡಿ ತಗ್ಗಿದಷ್ಟು ಮಿಲಿಮೀಟರ್ ಮೇಲ್ಮುಖದ ಓಡಾಟದಲ್ಲಿ ಕಡಿತ. ಹಳೆ ಸ್ಟಾಪರ್ ಹಾಗೇ ಬಿಟ್ಟರೆ ನಾಲ್ಕು ಜನ ಕೂತಾಗ ಗಾಡಿ ಅದರ ಮೇಲೇ ನಿಂತಿರುತ್ತದೆ, ಆಮೇಲೆ ಸ್ಪ್ರಿಂಗ್ ಯಾವುದಿದ್ದರೂ ಅಷ್ಟೇ.

ಕೆಲಸ ಶುರು ಮಾಡುವ ಮುನ್ನ ಗಾಲಿಯ ನಡುಬಿಂದುವಿನಿಂದ ಫೆಂಡರಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದು ಬರೆದಿಟ್ಟುಕೊಳ್ಳಿ. ಎಷ್ಟು ಇಳಿಯಿತು, ಎಡ-ಬಲ ಸಮ ಇದೆಯೇ ಎಂದು ಹೇಳುವುದು ಈ ಅಳತೆ ಮಾತ್ರ. 1.2 ಪೆಟ್ರೋಲ್ ಪುಂಟೊದ ಮೂತಿ ಟಿ-ಜೆಟ್ಟಿಗಿಂತ ಹಗುರ, ಆದ್ದರಿಂದ ಅದೇ ಸ್ಪ್ರಿಂಗಿನ ಮೇಲೆ ಮುಂಭಾಗ ಅಬಾರ್ಥ್‌ನಷ್ಟು ಇಳಿಯುವುದಿಲ್ಲ. ಡೀಸೆಲ್ ಮಲ್ಟಿಜೆಟ್ ಭಾರದ ಇಂಜಿನ್, ಬಿಗಿ ಸ್ಪ್ರಿಂಗಿನ ಲಾಭ ಹೆಚ್ಚು ಕಾಣುವುದು ಅದರಲ್ಲೇ.

ಹಿಂದಿನ ಕೆಲಸ ಹಗುರ. ಹಿಂದೆ ಎರಡೂ ಗಾಲಿ ಕೂಡಿಸುವ ಟಾರ್ಷನ್ ಬೀಮ್, ಸ್ಪ್ರಿಂಗ್ ಬೇರೆ, ಶಾಕಪ್ ಬೇರೆ. ಬಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಬೀಮಿನ ಕೆಳಗೆ ಜ್ಯಾಕ್ ಕೊಟ್ಟು, ಎರಡೂ ಶಾಕಪ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ ನಿಧಾನಕ್ಕೆ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಇಳಿಸುವಾಗ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಮೇಲೆ ಕಣ್ಣಿರಲಿ, ಬೀಮಿನ ಭಾರ ಅವುಗಳ ಮೇಲೆ ಬೀಳಬಾರದು. ಮೇಲಿನ ಕೆಳಗಿನ ರಬ್ಬರ್ ಪ್ಯಾಡ್ ಹೊಸದಿರಲಿ.

ಮುಂದಿನದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕಪ್ ಒಂದೇ ಜೋಡಣೆ, ಇಲ್ಲಿ ಅವಸರ ಮಾಡಿದರೆ ಪ್ರಾಣಕ್ಕೇ ಅಪಾಯ. ಲಿಂಕ್ ರಾಡ್ ಬಿಡಿಸಿ, ಹೋಸ್ ಮತ್ತು ವೈರಿನ ಕ್ಲಿಪ್ ಕಳಚಿ, ಗಾಲಿ ಹಿಡಿಯುವ ನಕಲ್ಲಿಗೆ ಸ್ಟ್ರಟ್ ಕೂಡುವ ಬೋಲ್ಟ್‌ಗಳ ಜಾಗಕ್ಕೆ ಗುರುತು ಹಾಕಿ, ಸ್ಟ್ರಟ್ ಹೊರತೆಗೆಯಬೇಕು. ಆಮೇಲೆ ಸ್ಪ್ರಿಂಗ್ ಕಂಪ್ರೆಸರಿನ ಎರಡು ಕೊಂಡಿಗಳನ್ನು ಎದುರುಬದುರಾಗಿ ಹಾಕಿ, ಎರಡನ್ನೂ ಪಾಳಿಯ ಮೇಲೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಸುರುಳಿ ಮೇಲಿನ ಬಟ್ಟಲಿನಿಂದ ಬಿಡಿಸಿಕೊಂಡು ಕೈಯಲ್ಲಿ ತಿರುಗುವಂತಾದ ಮೇಲೆಯೇ ನಡುವಿನ ನಟ್ ಮುಟ್ಟುವುದು. ಆ ನಟ್ಟಿಗೆ ಗಾಳಿಗನ್ ಹೊಡೆಯುವುದು ಗ್ಯಾರೇಜುಗಳ ಕೆಟ್ಟ ರೂಢಿ. ರಾಡು ಒಳಗೆ ಗಿರಗಿರ ತಿರುಗಿ ಹೊಸ ಶಾಕಪ್‌ನ ಸೀಲ್ ಮೊದಲ ದಿನವೇ ಗಾಯಗೊಳ್ಳುತ್ತದೆ. ರಾಡನ್ನು ಹಿಡಿದು, ನಟ್ಟನ್ನು ಕೈ ಪಾನಾದಿಂದ ತಿರುಗಿಸಬೇಕು.

ಜೋಡಿಸುವಾಗ ಸುರುಳಿಯ ಕೆಳತುದಿ ಬಟ್ಟಲಿನ ಮೆಟ್ಟಿಲಿಗೆ ತಾಗಿ ನಿಂತಿದೆಯೇ ಎಂದು ಬೆರಳು ಆಡಿಸಿ ನೋಡಿ. ಒಂದು ಬೆರಳಿನಷ್ಟು ಆಚೆ ಕೂತರೂ ಸ್ಟಿಯರಿಂಗ್ ತಿರುಗಿಸಿದಾಗ ‘ಟಣ್’ ಎಂದು ಸದ್ದು ಬರುತ್ತದೆ. ಟಾಪ್ ಮೌಂಟ್, ಬೇರಿಂಗ್, ಲಿಂಕ್ ರಾಡ್ ಮೂರನ್ನೂ ಈ ಹೊತ್ತಿಗೇ ಬದಲಿಸಿಬಿಡಿ, ಮತ್ತೆ ಬಿಚ್ಚುವ ಕೂಲಿ ಉಳಿಯುತ್ತದೆ. ಲೋಯರ್ ಆರ್ಮ್ ಬುಷ್ ಸೀಳಿದ್ದರೆ ಅದನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಡಿ. ಉದ್ಯಮಬಾಗದಂಥ ಕೈಗಾರಿಕೆ ಇರುವ ಊರು ನಮ್ಮದು, ಹೈಡ್ರಾಲಿಕ್ ಪ್ರೆಸ್ಸಿಗೆ ಇಲ್ಲಿ ಬರವಿಲ್ಲ.

ಬಹಳ ಮೇಸ್ತ್ರಿಗಳು ಮರೆಯುವುದು ಕೊನೆಯ ಬಿಗಿತ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಗಾಡಿ ಎತ್ತಿದಾಗಲೇ ಪೂರ್ತಿ ಬಿಗಿದರೆ, ಕೆಳಗಿಳಿದ ಮೇಲೆ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಸೀಳುತ್ತದೆ. ಗಾಡಿಯ ಭಾರ ಗಾಲಿಯ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿತ ಕೊಡಿ, ಅದೂ ವರ್ಕ್‌ಶಾಪ್ ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ.

ಗಾಡಿ ತಗ್ಗಿದಾಗ ಮುಂದಿನ ಗಾಲಿಯ ಟೋ (ಮೇಲಿಂದ ನೋಡಿದಾಗ ಗಾಲಿ ಒಳಕ್ಕೋ ಹೊರಕ್ಕೋ ತಿರುಗಿದ ಕೋನ) ಬದಲಾಗುತ್ತದೆ, ಕ್ಯಾಂಬರ್ (ಎದುರಿನಿಂದ ನೋಡಿದಾಗ ಗಾಲಿಯ ವಾಲು) ತುಸು ಒಳಕ್ಕೆ ವಾಲುತ್ತದೆ. ಟಾಯರ್ ತಿನ್ನುವುದು ಹೆಚ್ಚಾಗಿ ಟೋ, ಕ್ಯಾಂಬರ್ ಅಲ್ಲ. ಹಾಕಿಸಿದ ದಿನ ಒಂದು ಅಲೈನ್‌ಮೆಂಟ್, ಸ್ಪ್ರಿಂಗ್ ಕೂತುಕೊಂಡ ಮೇಲೆ, ಅಂದರೆ ಸುಮಾರು 500 ಕಿಲೋಮೀಟರಿಗೆ, ಇನ್ನೊಂದು. ಹಿಂದಿನ ಬೀಮಿಗೆ ಹೊಂದಿಸುವ ವ್ಯವಸ್ಥೆಯೇ ಇಲ್ಲ, ಯಂತ್ರ ಅಲ್ಲಿ ಕೆಂಪು ಅಂಕಿ ತೋರಿಸಿದರೆ ಬೀಮ್ ಪರೀಕ್ಷಿಸಬೇಕು. ಹೆಡ್‌ಲೈಟಿನ ಎತ್ತರವನ್ನೂ ಅದೇ ದಿನ ಸರಿಮಾಡಿಸಿ.

ಈಗ ರಸ್ತೆಯ ಮಾತು. ಎನ್‌ಎಚ್ 48ರಲ್ಲಿ ಕೊಲ್ಲಾಪುರದ ಕಡೆ ಹೋಗುವಾಗ ವಂಟಮೂರಿ ಘಾಟ್, ನಿಪ್ಪಾಣಿಗೆ ಮುಂಚಿನ ತವಂದಿ ಘಾಟ್, ಎರಡರಲ್ಲೂ ಈ ಸೆಟ್ಟಿನ ಬೆಲೆ ಗೊತ್ತಾಗುತ್ತದೆ. ತಿರುವಿನ ನಡುವೆ ಬ್ರೇಕ್ ಒತ್ತಿದರೂ ಮೂತಿ ಮುಗ್ಗರಿಸುವುದಿಲ್ಲ, ಲಾರಿ ದಾಟಿ ಲೇನಿಗೆ ಮರಳುವಾಗ ಬಾಡಿಯ ವಾಲಾಟ ಒಂದೇ ಸಲಕ್ಕೆ ನಿಲ್ಲುತ್ತದೆ. ಗಾಡಿ ಖಡಕ್ ಆಗಿ ಓಡುತ್ತದೆ. ಊರೊಳಗೆ ಮಾತು ಬೇರೆ. ತಿಲಕವಾಡಿಯ ರೈಲ್ವೆ ಗೇಟುಗಳ ಹಳಿ ದಾಟುವಾಗ ಪ್ರತಿ ಏಟೂ ಸೀಟಿಗೆ ಮುಟ್ಟುತ್ತದೆ. ಹಿಂದೆ ಕೂರುವ ಅಜ್ಜ-ಅಜ್ಜಿಗೆ ಇದು ಹಿತವಲ್ಲ.

ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಿಂದ ಗೋವಾಕ್ಕೆ ಮೇಲಿಂದ ಮೇಲೆ ಹೋಗುವವರಿಗೆ ನಮ್ಮ ಸಲಹೆ ಸ್ಪಷ್ಟ: ಬೇಡ. ಮಳೆಗಾಲದಲ್ಲಿ ಆ ರಸ್ತೆ ತಗ್ಗು ಬಿದ್ದಾಗ, ನೀರು ತುಂಬಿದ ತಗ್ಗಿನ ಆಳ ಕಾಣುವುದಿಲ್ಲ. ಕಡಿಮೆ ಓಡಾಟದ ಬಿಗಿ ಸ್ಪ್ರಿಂಗಿನಲ್ಲಿ ಆ ಏಟು ಬೀಳುವುದು ರಿಮ್ಮಿಗೆ, ಟಾಯರ್ ಪಕ್ಕೆಗೆ, ಇಂಜಿನ್ ಕೆಳಗಿನ ಗಾರ್ಡಿಗೆ. ಅಂಥವರು ಹೊಸ ಮೂಲ ಸ್ಪ್ರಿಂಗ್, ಹೊಸ ಶಾಕಪ್ ಹಾಕಿಸಲಿ. ಕುಸಿದ ಸ್ಪ್ರಿಂಗಿನ ಗಾಡಿಗೆ ಅಷ್ಟೇ ದೊಡ್ಡ ಸುಧಾರಣೆ. ಮಳೆ ಮುಗಿದ ಮೇಲೆ ಶಾಕಪ್‌ನ ರಬ್ಬರ್ ಬೂಟ್ ಎತ್ತಿ ನೋಡುವುದು ಇಬ್ಬರಿಗೂ ಅನ್ವಯ. ಹರಿದ ಬೂಟಿನೊಳಗೆ ನಮ್ಮ ಕೆಂಪು ಮಣ್ಣು ಸೇರಿ ಒಣಗಿದರೆ ರಾಡನ್ನು ಉಜ್ಜಿ ಸೀಲ್ ತಿನ್ನುತ್ತದೆ.

ವಾಹನದ ಮೂಲ ವಿವರ ಬದಲಿಸುವ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಇನ್ಶೂರೆನ್ಸ್ ಕಂಪನಿಗೆ ಮೊದಲೇ ಬರೆದು ತಿಳಿಸುವುದು ಒಳ್ಳೆಯದು. ತೆಗೆದ ಮೂಲ ಸ್ಪ್ರಿಂಗ್ ಇನ್ನೂ ಗಟ್ಟಿ ಇದ್ದರೆ ಗುಜರಿಗೆ ಹಾಕಬೇಡಿ. ಎಡ, ಬಲ ಎಂದು ಚೀಟಿ ಕಟ್ಟಿ, ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿಡಿ. ಗಾಡಿ ಮಾರುವ ದಿನ ಬಂದರೆ ಕೊಳ್ಳುವವರು ಕೇಳುವುದು ಅವನ್ನೇ.